ಕೇರಂ ಬೋರ್ಡಿನಷ್ಟು ಜಾಗ, ಆರು ಯುದ್ಧ: ಪುಣೆಯಲ್ಲಿ ಚಕಮಕಿ ಆಟಗಳನ್ನು ಹೋಲಿಸಿ ನೋಡಿದ ಏಳು ತಿಂಗಳು

ಜೂನ್ ಮೊದಲ ವಾರ ಶುರುವಾದದ್ದು ಜನವರಿಯ ಎರಡನೇ ಭಾನುವಾರ ಮುಗಿಯಿತು. ಜಾಗ ಕೋಥ್ರೂಡ್‌ನ ಎರಡು ಕೋಣೆಯ ಮನೆ. ಆಡುವವರು ನಾಲ್ವರು, ಅದರಲ್ಲಿ ಒಬ್ಬರು ಕಲ್ಯಾಣದಲ್ಲಿ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿ ಬರುವವರು. ತಿಂಗಳಿಗೆ ಎರಡು ಭಾನುವಾರ. ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಡೆಸಿ ಆಡುವ ಆರು ಚಕಮಕಿ (ಸ್ಕರ್ಮಿಶ್) ಆಟ ಆಡಿದೆವು: ಕಿಲ್ ಟೀಮ್, ವಾರ್‌ಕ್ರೈ, ಫ್ರಾಸ್ಟ್‌ಗ್ರೇವ್, ಇನ್ಫಿನಿಟಿ, ಮಾಲಿಫಾಕ್ಸ್, ಸಾಂಗ್ ಆಫ್ ಬ್ಲೇಡ್ಸ್. ಯಾವುದರಿಂದ ಶುರು ಮಾಡಲಿ ಎಂದು ಕೇಳಿ ಪೆಟ್ಟಿಗೆ ಕೊಳ್ಳುವವರಿದ್ದಾರೆ, ಪೆಟ್ಟಿಗೆ ಕೊಂಡು ಆಮೇಲೆ ಕೇಳುವವರಿದ್ದಾರೆ. ನಾವು ಎರಡನೇ ಜಾತಿ. ಅದಕ್ಕೇ ಇದನ್ನು ಬರೆಯಬೇಕಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಮಿನಿಯೇಚರ್ ಯುದ್ಧದಾಟದಲ್ಲಿ ಒಂದೊಂದು ಕಡೆ ನೂರರ ಹತ್ತಿರ ಗೊಂಬೆಗಳಿರುತ್ತವೆ (ಮಿನಿ ಎನ್ನುವುದೂ ಇವನ್ನೇ), ದಳ ದಳವಾಗಿ ಚಲಿಸುತ್ತವೆ. ಚಕಮಕಿ ಆಟದಲ್ಲಿ ಒಂದು ಕಡೆಗೆ ಸಾಮಾನ್ಯವಾಗಿ ಐದರಿಂದ ಹದಿನೈದು. ಪ್ರತಿಯೊಂದೂ ತಾನೇ ನಡೆಯುತ್ತದೆ, ತಾನೇ ಏರುತ್ತದೆ, ತಾನೇ ಸಾಯುತ್ತದೆ. ಎತ್ತರ ಸುಮಾರು 28ರಿಂದ 32 ಮಿಲಿಮೀಟರ್. ಅಳತೆಯೆಲ್ಲ ಇಂಚಿನಲ್ಲಿ, ದರ್ಜಿಯ ಟೇಪು ಸಾಕು.

ಮೊದಲು ಅಳೆಯಬೇಕಾದದ್ದು ಮೇಜನ್ನು. ನಾವು ಅಳೆದದ್ದು ಕೊನೆಗೆ. ಕೇರಂ ಬೋರ್ಡಿನ ಆಡುವ ಭಾಗ ಸುಮಾರು 29 ಇಂಚು ಚೌಕ, ಸುತ್ತಲಿನ ಚೌಕಟ್ಟು ಬೇರೆ. ಕಿಲ್ ಟೀಮ್ ಮತ್ತು ವಾರ್‌ಕ್ರೈ ಎರಡಕ್ಕೂ ಬೇಕಾದದ್ದು 30 x 22 ಇಂಚು. ಅಂದರೆ ಕೇರಂ ಇಡುವ ಜಾಗವಿದ್ದರೆ ಇವೆರಡೂ ಆಗುತ್ತವೆ, ಪಕ್ಕದಲ್ಲಿ ಚಹಾ ಲೋಟಕ್ಕೂ ಜಾಗ ಉಳಿಯುತ್ತದೆ. ಫ್ರಾಸ್ಟ್‌ಗ್ರೇವ್ ಮತ್ತು ಮಾಲಿಫಾಕ್ಸ್‌ಗೆ 3 x 3 ಅಡಿ. ಇನ್ಫಿನಿಟಿಯ ಪೂರ್ಣ ಆಟಕ್ಕೆ, ಅಂದರೆ ಒಂದೊಂದು ಕಡೆಯ ಸೈನಿಕರ ಬೆಲೆ ಆಟದ ಲೆಕ್ಕದಲ್ಲಿ 300 ಪಾಯಿಂಟು ಆಗುವಷ್ಟಕ್ಕೆ, 4 x 4 ಅಡಿ. ನಾಲ್ಕು ಅಡಿ ಎಂದರೆ ಕಡಿಮೆಯೆನಿಸುತ್ತದೆ. ಪುಣೆ-ಮುಂಬಯಿಯ ಹಾಲ್‌ನಲ್ಲಿ ಅದನ್ನು ಹಾಸಿ ಸುತ್ತ ನಾಲ್ವರು ನಿಂತು ನೋಡಿ. ಇಷ್ಟು ಗೊತ್ತಿದ್ದರೆ ಜೂನ್ ಎಂಟರಂದು ನಾವು ಕಳಿಸಿದ ಆರ್ಡರಿನ ಅರ್ಧ ಅಲ್ಲಿಯೇ ಕಡಿಮೆಯಾಗುತ್ತಿತ್ತು. ಆರ್ಡರಿನಲ್ಲಿದ್ದದ್ದು ಕಿಲ್ ಟೀಮ್‌ನ ಎರಡು ತಂಡ, ವಾರ್‌ಕ್ರೈನ ಎರಡು, ಇನ್ಫಿನಿಟಿಯ ಲೋಹದ ಒಂದು ಸೆಟ್ಟು, ಮಾಲಿಫಾಕ್ಸ್‌ನ ಒಂದು ಪೆಟ್ಟಿಗೆ. ವಿದೇಶದ ಅಂಗಡಿ, ಒಂದೇ ಪಾರ್ಸೆಲ್.

ಕಸ್ಟಮ್ಸ್ ಸುಂಕದ ವಿಷಯ ವಿವರವಾಗಿಯೇ ಹೇಳಬೇಕು. ಜೋಡಿಸುವ ಮಿನಿಗಳು ಸಾಮಾನ್ಯವಾಗಿ ಆಟಿಕೆಯ ಶೀರ್ಷಿಕೆ 9503ರ ಅಡಿ ಬೀಳುತ್ತವೆ. ಅದರ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಲೆಕ್ಕ ಹಿಡಿಯುವುದು ಬರೀ ಸರಕಿನ ಬೆಲೆಯ ಮೇಲಲ್ಲ, ಸಾಗಣೆ ಖರ್ಚು, ವಿಮೆ ಸೇರಿಸಿದ ಮೊತ್ತದ ಮೇಲೆ. ಸರಕು, ಸಾಗಣೆ ಸೇರಿ 5,000 ರೂಪಾಯಿ ಎಂದಿಟ್ಟುಕೊಳ್ಳಿ: ಶೇ. 70ರ ಲೆಕ್ಕದಲ್ಲಿ ಸುಂಕ 3,500. ಆಮೇಲೆ 8,500ರ ಮೇಲೆ ಐಜಿಎಸ್‌ಟಿ. ಅದರ ಮೇಲೆ ಕೊರಿಯರ್‌ನವರು "ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ" ಎಂದು ಹಾಕುವ ಶುಲ್ಕ. ಅಗ್ಗದ ಸಾಗಣೆ ಆರಿಸಿದರೆ ಸುಂಕವೂ ಇಳಿಯುತ್ತದೆ ಎಂಬುದು ಇದರಲ್ಲಿ ಸಿಗುವ ಏಕೈಕ ಸಮಾಧಾನ. ಕಾಗದಪತ್ರ: ಆಧಾರ್ ಅಥವಾ ಪ್ಯಾನ್‌ನ ಪ್ರತಿ, ಇನ್‌ವಾಯ್ಸ್, ದುಡ್ಡು ಕೊಟ್ಟದ್ದಕ್ಕೆ ಬ್ಯಾಂಕಿನ ದಾಖಲೆ. ಇನ್‌ವಾಯ್ಸಿನ ಹೆಸರು, ಆಧಾರ್‌ನ ಹೆಸರು, ವಿಳಾಸದ ಹೆಸರು ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ನಮ್ಮದರಲ್ಲಿ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ ಇತ್ತು. ಅಷ್ಟಕ್ಕೇ ಒಂಬತ್ತು ದಿನ. ಕೊರಿಯರ್‌ನವರು ಅದೇ ಕಾಗದವನ್ನು ಮೂರು ಸಲ ಕೇಳಿದರು, ಮೂರನೇ ಸಲ ಕಳಿಸಿದ್ದು ಮೊದಲನೆಯ ಸಲದ ಅದೇ ಫೈಲು, ಅದು ಪಾಸಾಯಿತು.

ಇನ್ನೊಂದು ತೊಡಕು ಇದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಈ ಪೆಟ್ಟಿಗೆಗಳ ಮೇಲೆ 12+ ಎಂದು ಅಚ್ಚಾಗಿರುವುದು ಮಾಮೂಲು. ಪ್ರಶ್ನೆ ಬಂದರೆ ಉತ್ತರಿಸಲು ಇನ್‌ವಾಯ್ಸಿನಲ್ಲಿ ಬರೀ "ಆಟಿಕೆ" ಎಂದಿರದೆ, ಜೋಡಿಸಿ ಬಣ್ಣ ಹಚ್ಚುವ ಪ್ಲಾಸ್ಟಿಕ್ ಮಾದರಿ ಎಂದು ಇದ್ದದ್ದನ್ನು ಇದ್ದಂತೆ ಬರೆಯಲು ಅಂಗಡಿಯವರಿಗೆ ಮೊದಲೇ ಹೇಳಿ. ಬೆಲೆ ಕಡಿಮೆ ತೋರಿಸಿ ಎಂದು ಮಾತ್ರ ಹೇಳಬೇಡಿ. ಬ್ಯಾಂಕಿನ ದಾಖಲೆಯಲ್ಲಿ ನಿಜವಾದ ಮೊತ್ತ ಇದ್ದೇ ಇರುತ್ತದೆ, ಸಿಕ್ಕಿಬೀಳುವವರು ನೀವು. ಭಾರತದೊಳಗೇ ಸ್ಟಾಕು ಇಟ್ಟುಕೊಂಡು ಮಾರುವ ಅಂಗಡಿಯ ಬೆಲೆ ಮೊದಲ ನೋಟಕ್ಕೆ ದುಬಾರಿ ಕಾಣುತ್ತದೆ. ಮೇಲಿನ ಲೆಕ್ಕ ಹಾಕಿದ ಮೇಲೆ ಆ ಮಾತು ಬರುವುದಿಲ್ಲ.

ಪಾರ್ಸೆಲ್ ಕೈಗೆ ಬರಲು ಐದು ವಾರ ಹಿಡಿಯಿತು. ಇಡೀ ಏಳು ತಿಂಗಳಲ್ಲಿ ಉಪಯೋಗಕ್ಕೆ ಬಂದದ್ದು ಈ ಐದು ವಾರವೇ, ಏಕೆಂದರೆ ಬೇರೆ ದಾರಿಯಿಲ್ಲದೆ ಕಾಗದದಲ್ಲಿ ಆಡಿದೆವು. 300 ಜಿಎಸ್‌ಎಂ ಕಾರ್ಡ್‌ಶೀಟು, ಒಂದು ಎ4ನಲ್ಲಿ ಹದಿನೆಂಟು ಆಕೃತಿ, ಮಡಿಚಿ ನಿಲ್ಲಿಸಿ ಡಬಲ್ ಟೇಪಿನಿಂದ ತಳಕ್ಕೆ ಅಂಟಿಸುವುದು. ತಳದ ವ್ಯಾಸ ಆಟದಲ್ಲಿ ಲೆಕ್ಕಕ್ಕೆ ಬರುತ್ತದೆ, ಎಷ್ಟು ಹತ್ತಿರ ನಿಲ್ಲಬಹುದು, ಯಾವ ಸಂದಿಯಲ್ಲಿ ನುಸುಳಬಹುದು ಎಂಬುದೆಲ್ಲ ಅದರ ಮೇಲೆ. 25 ಮಿ.ಮೀ. ತಳಕ್ಕೆ 2011ರ ಸರಣಿಯ ಎರಡು ರೂಪಾಯಿ ನಾಣ್ಯ ಸರಿಯಾಗಿ 25. 28ರ ಜಾಗಕ್ಕೆ ಹತ್ತು ರೂಪಾಯಿ, ಅದು 27. 32ಕ್ಕೆ ಕೇರಂ ಕಾಯಿ: ಅದರ ವ್ಯಾಸ 30ರಿಂದ 32 ಮಿ.ಮೀ. ಒಳಗಿರುತ್ತದೆ. ಒಂದು ಕೇರಂ ಸೆಟ್ಟಿನಲ್ಲಿ ಕರಿ 9, ಬಿಳಿ 9. ಎರಡು ಪಕ್ಷ ತಾನಾಗಿಯೇ ಬೇರೆಯಾಯಿತು. ಇನ್ಫಿನಿಟಿಯ ನಿಯಮಗಳು ಪೂರ್ತಿಯಾಗಿಯೂ, ಕಿಲ್ ಟೀಮ್‌ನ ಮೂಲ ನಿಯಮಗಳು ಸಂಕ್ಷಿಪ್ತವಾಗಿಯೂ ಪ್ರಕಾಶಕರಿಂದಲೇ ಪುಕ್ಕಟೆ ಸಿಗುತ್ತವೆ. ಹಾಗಾಗಿ ಈ ಪರೀಕ್ಷೆಗೆ ಖರ್ಚಾದದ್ದು ಕಾರ್ಡ್‌ಶೀಟು, ಪ್ರಿಂಟು ಮಾತ್ರ. ಅಪ್ಪಾ ಬಳವಂತ ಚೌಕದಲ್ಲಿ ಇನ್ನೂರು ರೂಪಾಯಿಯೊಳಗೆ ಎಲ್ಲ ಮುಗಿಯಿತು.

ಕಾಗದದಲ್ಲಿ ಮೊದಲು ಆಡಿದ್ದು ಸಾಂಗ್ ಆಫ್ ಬ್ಲೇಡ್ಸ್. 2007ರದ್ದು, ಇಟಲಿಯ ಆಂದ್ರೆಯಾ ಸ್ಫಿಲಿಗೋಯಿ ಬರೆದದ್ದು. ಅವರ ಪ್ರಕಾಶನದ ಹೆಸರು ಗಣೇಶ ಗೇಮ್ಸ್, ಪುಣೆಯಲ್ಲಿ ಶುರು ಮಾಡಲು ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ಪ್ರತಿ ಮಿನಿಗೂ ಮುಖ್ಯವಾದ ಎರಡೇ ಸಂಖ್ಯೆ, ಗುಣಮಟ್ಟ ಮತ್ತು ಕಾದಾಟ. ಸರದಿ ಬಂದಾಗ ಒಂದು, ಎರಡು ಅಥವಾ ಮೂರು ದಾಳ ಉರುಳಿಸುತ್ತೀರಿ, ಗುಣಮಟ್ಟ ಮುಟ್ಟಿದ ಪ್ರತಿ ದಾಳಕ್ಕೆ ಒಂದು ಕ್ರಿಯೆ. ಎರಡು ದಾಳ ಸೋತರೆ ಸರದಿ ಎದುರಾಳಿಗೆ. ಗುಣಮಟ್ಟ 4+, ಅಂದರೆ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬೀಳಬೇಕಾದವನಿಗೆ, ಮೂರು ದಾಳ ಹಿಡಿದರೆ ಸರದಿ ಕಳೆದುಕೊಳ್ಳುವ ಸಂಭವ ಶೇ. 50, ಎರಡು ಹಿಡಿದರೆ 25, ಒಂದೇ ಹಿಡಿದರೆ ಸೊನ್ನೆ. 3+ ಇದ್ದವನಿಗೆ ಮೂರು ದಾಳದಲ್ಲಿ ಶೇ. 26. ಆಟದ ಜೀವವೇ ಈ ಲೋಭ. ಚೌಕಾಬಾರದಲ್ಲಿ ಇನ್ನೊಂದು ಗರ ಬೀಳಲಿ ಎಂದು ಕವಡೆ ಕುಲುಕಿದವರಿಗೆ ವಿವರಿಸಬೇಕಿಲ್ಲ. ಮುಕ್ಕಾಲು ಗಂಟೆಯಲ್ಲಿ ಒಂದು ಆಟ. ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ. ದೋಷ ಒಂದೇ: ಮೊದಲ ಸಲ ಉರುಳಿಸಿದಾಗಲೇ ಎರಡು ದಾಳ ಸೋತವನು ಸುಮ್ಮನೆ ಕೂರಬೇಕು, ನಾಲ್ವರು ಆಡಿದರೆ ತುಂಬ ಹೊತ್ತು ಕೂರಬೇಕು.

ಕೂರುವ ಹೊತ್ತು. ಆರು ಆಟ ಹೋಲಿಸಲು ನಮಗೆ ಕೊನೆಗೆ ಉಳಿದ ಮಾನದಂಡ ಇದು: ಎದುರಾಳಿ ಆಡುವಾಗ ನಾನು ಎಷ್ಟು ಹೊತ್ತು ಸುಮ್ಮನಿರಬೇಕು? ಮೊದಲ ಆಟಕ್ಕೂ ಮುಂಚೆ ಎಷ್ಟು ಗೊಂಬೆಗೆ ಬಣ್ಣ ಹಚ್ಚಬೇಕು, ಎಷ್ಟು ದೊಡ್ಡ ಮೇಜು ಬೇಕು ಎಂಬುವು ಉಳಿದೆರಡು. ಗೊಂಬೆ ಎಷ್ಟು ಚಂದ ಎಂಬುದು ನಾಲ್ಕನೆಯದು. ನಾವು ಆರ್ಡರ್ ಮಾಡುವಾಗ ಅದೇ ಮೊದಲನೆಯದಾಗಿತ್ತು.

ಇನ್ಫಿನಿಟಿಯನ್ನು ಕಾಗದದಲ್ಲೇ ಎರಡು ಸಲ ಆಡಿದೆವು. ಸ್ಪೇನಿನ ಕೋರ್ವಸ್ ಬೆಲ್ಲಿಯದು, 2005ರಿಂದ ಇದೆ. ಇದರಲ್ಲಿ ಕೂರುವ ಹೊತ್ತೇ ಇಲ್ಲ. ಪ್ರತಿ ಸೈನಿಕ ಒಂದು ಆದೇಶ ಕೊಡುತ್ತಾನೆ, ಹತ್ತು ಜನರ ಗುಂಪಿನ ಹತ್ತೂ ಆದೇಶವನ್ನು ಒಬ್ಬನ ಮೇಲೇ ಸುರಿಯಬಹುದು. ಆದರೆ ಅವನು ಕಣ್ಣಿಗೆ ಬಿದ್ದಾಗಲೆಲ್ಲ ಎದುರಾಳಿಯ ಸೈನಿಕ ತಕ್ಷಣ ಪ್ರತಿಕ್ರಿಯಿಸುತ್ತಾನೆ. ಇಬ್ಬರೂ 20 ಮುಖದ ದಾಳ ಉರುಳಿಸುತ್ತಾರೆ, ತಮ್ಮ ಅಂಕಕ್ಕೆ ಸಮ ಅಥವಾ ಕಡಿಮೆ ಬಿದ್ದರೆ ಗೆಲುವು, ಇಬ್ಬರೂ ಗೆದ್ದರೆ ಹೆಚ್ಚು ಬಿದ್ದವನದು ನಿಲ್ಲುತ್ತದೆ. ಮರೆಗೆ ಮೂರು ಕಳೆ, ದೂರಕ್ಕೆ ತಕ್ಕಂತೆ ಮೂರು ಕೂಡು ಅಥವಾ ಕಳೆ. ಕಲ್ಯಾಣದಿಂದ ಬರುವ ಕುಂದಾಪುರದವರು ಮೊದಲ ಅರ್ಧ ಗಂಟೆ ಕೇಳುತ್ತಿದ್ದದ್ದು ಒಂದೇ: "ಎಂಥ ಮಾರಾಯ, ಇದು ನಿನ್ನ ಸರದಿಯಾ ನನ್ನದಾ?" ಬಲ್ಲವರು ಕಲಿಸಲು ಇದ್ದರೆ ಆರರಲ್ಲಿ ಇದೇ ಆಳವಾದದ್ದು. ನಮಗೆ ಇರಲಿಲ್ಲ. ಮೇಜಿನ ಮೇಲೆ ಗೋಡೆ, ಕಟ್ಟಡ ದಟ್ಟವಾಗಿಲ್ಲದಿದ್ದರೆ ಎತ್ತರದಲ್ಲಿ ಕೂತ ಒಬ್ಬ ಸ್ನೈಪರ್ ಇಡೀ ಆಟ ನುಂಗುತ್ತಾನೆ. ನಮ್ಮ ಎರಡೂ ಆಟ ಹಾಗೆಯೇ ಸತ್ತವು. ಮೇಜಿನ ಈ ತುದಿಯಿಂದ ಆ ತುದಿಗೆ ನೇರ ಕಾಣುವ ಒಂದು ಗೆರೆಯೂ ಇರಬಾರದು ಎಂದುಕೊಂಡು ಕಟ್ಟಡ ಜೋಡಿಸಿ. 4 x 4 ಅಡಿಗೆ ಅಷ್ಟು ಟೆರೇನ್, ಅಂದರೆ ಮೇಜಿನ ಗೋಡೆ ಕಟ್ಟಡ, ಮಾಡುವುದೇ ಎರಡು ತಿಂಗಳ ಕೆಲಸ.

ಅಂದರೆ ಪಾರ್ಸೆಲ್ ಇನ್ನೂ ಗೋದಾಮಿನಲ್ಲಿರುವಾಗಲೇ ಅದರ ಒಂದು ಭಾಗ ನಮಗೆ ಬೇಡವೆಂದು ಗೊತ್ತಾಗಿತ್ತು. ವಾಪಸು ಕಳಿಸಬಹುದೇ ಎಂದು ವಿಚಾರಿಸಿದೆವು. ಹೋಗುವ ಸಾಗಣೆ ಖರ್ಚು ನಮ್ಮದು, ಕಟ್ಟಿದ ಸುಂಕ ಮರಳಿ ಪಡೆಯಲು ಬೇರೆಯೇ ಅರ್ಜಿ. ಬಿಟ್ಟೆವು.

ಜುಲೈ ನಡುವಿನಲ್ಲಿ ಪಾರ್ಸೆಲ್ ಬಂತು, ಜೊತೆಗೆ ಮಳೆ. ಪ್ಲಾಸ್ಟಿಕ್ ಮಿನಿಗಳು ಸ್ಪ್ರೂ ಎಂಬ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ನಿಪ್ಪರ್‌ನಿಂದ ಕತ್ತರಿಸುವಾಗ ತುಂಡಿನಿಂದ ಒಂದು ಮಿಲಿಮೀಟರ್ ದೂರ ಬಿಟ್ಟು ಮೊದಲ ಕಡಿತ, ಆಮೇಲೆ ಒತ್ತಿ ಎರಡನೆಯದು. ಒಂದೇ ಸಲಕ್ಕೆ ಕಡಿದರೆ ಪ್ಲಾಸ್ಟಿಕ್ ಬಿಳಿಚಿ ಗುಂಡಿ ಬೀಳುತ್ತದೆ. ಅಚ್ಚಿನ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆಯಬೇಕು, ಮೊನೆಯಿಂದಲ್ಲ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸಿಮೆಂಟ್: ಅದು ಎರಡೂ ಮೈಯನ್ನು ಕರಗಿಸಿ ಒಂದಾಗಿಸುತ್ತದೆ. ಲೋಹ, ರೆಸಿನ್‌ಗೆ ಅದು ಹಿಡಿಯುವುದೇ ಇಲ್ಲ, ಫೆವಿಕ್ವಿಕ್ ಬೇಕು. ಫೆವಿಕ್ವಿಕ್ ಜೋಡಣೆ ಗಟ್ಟಿ ಆದರೆ ಪೆಡಸು, ಮೇಜಿನಿಂದ ಬಿದ್ದರೆ ಕೈ ಕಳಚುತ್ತದೆ. ಆದ್ದರಿಂದ ಇನ್ಫಿನಿಟಿಯ ಲೋಹದ ಕೈಗಳಿಗೆ 1 ಮಿ.ಮೀ. ತೂತು ಕೊರೆದು ಜೆಮ್ ಕ್ಲಿಪ್ಪಿನ ತಂತಿಯ ತುಂಡು ಕೂರಿಸಬೇಕು. ಅಷ್ಟು ಸಣ್ಣ ಡ್ರಿಲ್ ಬಿಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗಲಿಲ್ಲ. ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಸರ್ಕ್ಯೂಟ್ ಬೋರ್ಡಿಗೆ ತೂತು ಹಾಕುವ ಬಿಟ್ ಎಂದು ಕೇಳಿ, ಕೈಯಲ್ಲಿ ತಿರುಗಿಸುವ ಹಿಡಿಯನ್ನೂ ಕೊಡುತ್ತಾರೆ. ಮಾಲಿಫಾಕ್ಸ್‌ನ ಪ್ಲಾಸ್ಟಿಕ್ ತುಂಡುಗಳಂತೂ ಸಾಸಿವೆ ಕಾಳಿನಷ್ಟು, ಒಂದು ತಲೆಗೆ ಮೂರು ತುಂಡು. ಚಿಮುಟ ಇಲ್ಲದೆ ಕೂರಬೇಡಿ, ಫ್ಯಾನ್ ಹಾಕಿ ಕೂರಲೇಬೇಡಿ.

ಬಣ್ಣಕ್ಕೆ ಮೊದಲು ಪ್ರೈಮರ್. ನಾವು ಹದಿನಾರು ಮಿನಿಗಳನ್ನು ಸಾಲಾಗಿ ನಿಲ್ಲಿಸಿ ಬಾಲ್ಕನಿಯಲ್ಲಿ ಸ್ಪ್ರೇ ಹೊಡೆದೆವು, ಹೊರಗೆ ಸೋನೆ. ಒಣಗಿದ ಮೇಲೆ ನೋಡಿದರೆ ಎಲ್ಲದರ ಮೇಲೂ ಹಿಟ್ಟು ಉದುರಿಸಿದ ಹಾಗೆ ತರಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಸ್ಪ್ರೇಯ ಹನಿಗಳು ಹೀಗೆ ಕೈ ಕೊಡುತ್ತವೆ. ವಾರ್ನಿಶ್ ಆದರೆ ಇನ್ನೂ ಕೆಟ್ಟದ್ದು, ಬಣ್ಣವೆಲ್ಲ ಮುಗಿದ ಮೇಲೆ ಮೇಲೊಂದು ಬಿಳಿ ಮಬ್ಬು ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಸ್ಪ್ರೇ ಮುಟ್ಟಬೇಡಿ, ಮುಂಬಯಿ ಗೋವೆಯ ಮಾತೇ ಬೇಡ. ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ತೆಳುವಾಗಿ ಎರಡು ಕೋಟು, ನಡುವೆ ಒಂದು ರಾತ್ರಿ. ಅಷ್ಟೇ. ಸ್ಪ್ರೇ ಡಬ್ಬಿ ಉರಿಯುವ ವಸ್ತುವಾದ್ದರಿಂದ ವಿಮಾನದ ಪಾರ್ಸೆಲಿನಲ್ಲಿ ತರಿಸುವ ಆಸೆಯೂ ಬೇಡ. ತರಿ ಬಿದ್ದ ಹದಿನಾರನ್ನು ಹಳೇ ಟೂತ್‌ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಉಜ್ಜಿ ತೆಗೆದೆವು. ಒಂದು ಭಾನುವಾರ ಪೂರ್ತಿ ಹೋಯಿತು.

ಮೇಜಿನ ಮೇಲೆ ಮರ್ಯಾದೆಗೆ ಸಾಲುವಷ್ಟು ಬಣ್ಣ ಹಚ್ಚಲು ಒಂದು ಮಿನಿಗೆ ಎರಡು ಗಂಟೆ ಹಿಡಿಯಿರಿ: ಮೂಲ ಬಣ್ಣ ತೆಳುವಾಗಿ ಎರಡು ಸಲ, ಸಂದಿಗಳಿಗೆ ಇಳಿಯುವ ನೀರಾದ ಕಡು ಬಣ್ಣ, ಅಂಚಿಗೆ ತಿಳಿ ಬಣ್ಣ, ಮ್ಯಾಟ್ ವಾರ್ನಿಶ್. ಈಗ ಲೆಕ್ಕ ಹಾಕಿ. ಕಿಲ್ ಟೀಮ್‌ನಲ್ಲಿ ಕವಚದ ದೈತ್ಯರ ತಂಡ ಆರೇ ಜನ, ಹನ್ನೆರಡು ಗಂಟೆ. ಮಾಮೂಲಿ ಸೈನಿಕರ ತಂಡ ಹದಿನಾಲ್ಕು, ಇಪ್ಪತ್ತೆಂಟು ಗಂಟೆ. ಹೊಸಬರು ಆರರದ್ದನ್ನೇ ತೆಗೆದುಕೊಳ್ಳಿ. ಕ್ಯಾಮೆಲ್ ಅಕ್ರಿಲಿಕ್ ಕಟ್ಟಡಕ್ಕೆ ಚೆನ್ನಾಗಿದೆ, ಮುಖಕ್ಕೆ ದಪ್ಪವಾಯಿತು.

ಗಣೇಶ ಚತುರ್ಥಿ ಮುಗಿದ ವಾರ ಟೆರೇನ್. ಮಹಾರಾಷ್ಟ್ರದಲ್ಲಿ 2018ರಿಂದ ಅಲಂಕಾರದ ಥರ್ಮೋಕೋಲ್‌ಗೆ ನಿಷೇಧ ಇರುವುದರಿಂದ ಗಣಪತಿ ಕೂರಿಸುವ ಮಖರಗಳೆಲ್ಲ ರಟ್ಟಿನವು, ವಿಸರ್ಜನೆ ಆದ ಮೇಲೆ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ರಟ್ಟು, 5 ಮಿ.ಮೀ. ಸನ್‌ಬೋರ್ಡ್, ಫೆವಿಕಾಲ್. ಪೆಟ್ಟಿಗೆಯೊಳಗೆ ಬಂದ ಥರ್ಮೋಕೋಲ್ ಬಳಸುವುದಾದರೆ ಫೆವಿಕಾಲ್ ಮತ್ತು ಬಣ್ಣ ಕಲಸಿ ಮೊದಲು ಮುಚ್ಚಿ. ಇಲ್ಲವಾದರೆ ಸ್ಪ್ರೇಯ ದ್ರಾವಕ ಅದನ್ನು ತಿಂದುಹಾಕುತ್ತದೆ. ಮಹಡಿಯ ಎತ್ತರ 3 ಇಂಚು ಇಟ್ಟರೆ ಕೈ ಒಳಗೆ ಹೋಗುತ್ತದೆ, ಏರುವ ಲೆಕ್ಕವೂ ಸುಲಭ. ಕೆಳಗಿನ ಹಲಗೆಗೆ 8 x 4 ಅಡಿಯ ಪ್ಲೈವುಡ್ ಶೀಟನ್ನು ಅಂಗಡಿಯಲ್ಲೇ 2 x 2 ಅಡಿಯ ತುಂಡು ಮಾಡಿಸಿ. 4 x 4 ತುಂಡು ನಮ್ಮ ಲಿಫ್ಟಿನೊಳಗೆ ಹೋಗಲಿಲ್ಲ.

ಅಕ್ಟೋಬರ್‌ನಲ್ಲಿ ಕಿಲ್ ಟೀಮ್, ವಾರ್‌ಕ್ರೈ ಅಕ್ಕಪಕ್ಕ. ಎರಡೂ ಗೇಮ್ಸ್ ವರ್ಕ್‌ಶಾಪ್‌ನವು, ಎರಡರಲ್ಲೂ ಒಬ್ಬ ನಿಮ್ಮವ, ಒಬ್ಬ ನನ್ನವ ಎಂದು ಸರದಿ ಸಾಗುತ್ತದೆ, ಹಾಗಾಗಿ ಕೂರುವ ಹೊತ್ತು ಕಡಿಮೆ. ಅಲ್ಲಿಗೆ ಹೋಲಿಕೆ ಮುಗಿಯಿತು. ಕಿಲ್ ಟೀಮ್‌ನ 2021ರ ಆವೃತ್ತಿಯಲ್ಲಿ ದೂರವನ್ನು ತ್ರಿಕೋನ, ವೃತ್ತ, ಚೌಕ ಎಂದು ಚಿಹ್ನೆಯಲ್ಲಿ ಬರೆದಿದ್ದರು, 2024ರದ್ದು ಮತ್ತೆ ಇಂಚಿಗೆ ಬಂತು. ಹಳೇ ಪುಸ್ತಕ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ನಾಲ್ಕು ಸುತ್ತಿನ ಆಟ. ಪ್ರತಿಯೊಬ್ಬನಿಗೂ "ಕಾದಾಡು" ಅಥವಾ "ಅಡಗು" ಎಂಬ ಆದೇಶ ಇರುತ್ತದೆ. ಅಡಗಿ ಮರೆಯಲ್ಲಿದ್ದವನಿಗೆ ಸಾಮಾನ್ಯವಾಗಿ ಗುರಿಯಿಡಲಾಗದು. ಈ ಆದೇಶ ತೋರಿಸುವ ಬಿಲ್ಲೆ ತಿರುಗಿಸಲು ಮರೆಯುವುದೇ ಮೊದಲ ನಾಲ್ಕು ಆಟದ ಜಗಳ. ಎರಡು ಬಣ್ಣದ ಅಂಗಿಯ ಗುಂಡಿ ಬಳಸಿ, ಮಿನಿಯ ಪಕ್ಕದಲ್ಲೇ ಇಡಿ. ಗುಂಡು ಹಾರಿಸಿದರೆ ಎದುರಾಳಿ ಮೂರು ದಾಳ ಉರುಳಿಸಿ ತಡೆಯುತ್ತಾನೆ, ಮರೆಯಿದ್ದರೆ ಅದರಲ್ಲೊಂದು ಉರುಳಿಸದೆಯೇ ಸಿಗುತ್ತದೆ. ನಿರ್ಣಾಯಕ ಹೊಡೆತ ತಡೆಯಲು ಒಂದು ನಿರ್ಣಾಯಕ ತಡೆ ಅಥವಾ ಎರಡು ಮಾಮೂಲಿ ತಡೆ ಬೇಕು. ಪ್ರತಿ ತಂಡಕ್ಕೂ ತನ್ನದೇ ತಂತ್ರಗಳು, ಪ್ರತಿ ಸೈನಿಕನಿಗೂ ತನ್ನದೇ ವಿನಾಯಿತಿ. ಹತ್ತನೇ ಆಟದಲ್ಲಿ ಇದು ಸುಖ, ಎರಡನೆಯದರಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ. ಎರಡೂವರೆ ಗಂಟೆ ಬೇಕಾಯಿತು.

ವಾರ್‌ಕ್ರೈ ಒಂದೂಕಾಲು ಗಂಟೆ. 1000 ಪಾಯಿಂಟು, 3ರಿಂದ 15 ಜನ. ತಡೆಯುವ ದಾಳವೇ ಇಲ್ಲ: ಹೊಡೆಯುವವನ ಬಲ ಎದುರಾಳಿಯ ಗಟ್ಟಿತನಕ್ಕಿಂತ ಹೆಚ್ಚಿದ್ದರೆ 3+, ಸಮವಾದರೆ 4+, ಕಡಿಮೆಯಾದರೆ 5+, ಆರು ಬಿದ್ದರೆ ಯಾವಾಗಲೂ ಜೋರು ಏಟು. ಸುತ್ತಿನ ಆರಂಭದಲ್ಲಿ ಆರು ದಾಳ. ಜೊತೆಯಿಲ್ಲದವು ಎಷ್ಟೆಂಬುದರ ಮೇಲೆ ಯಾರು ಮೊದಲು ಎಂಬುದು, ಜೋಡಿ, ಮೂರು, ನಾಲ್ಕು ಒಂದೇ ಬಿದ್ದರೆ ಅದರಿಂದ ವಿಶೇಷ ಶಕ್ತಿ. ಅಂದರೆ ಕೆಟ್ಟ ದಾಳವೂ ಏನಾದರೂ ಕೊಟ್ಟೇ ಹೋಗುತ್ತದೆ. ಹನ್ನೊಂದು ವರ್ಷದ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಕಲಿತ. ಆಳ ಕಡಿಮೆ ಎನ್ನುವವರಿದ್ದಾರೆ, ನಿಜ. ಗುಂಡು, ಬಾಣದ ಆಟ ಬೇಕಾದವರಿಗೆ ಇದಲ್ಲ, ಇದು ಕೈಕೈ ಮಿಲಾಯಿಸುವ ಆಟ.

ನಾಲ್ವರು ಇದ್ದೇವೆ, ಇವೆರಡೂ ಇಬ್ಬರ ಆಟ. ಇದನ್ನು ಅಷ್ಟು ದಿನ ಯಾರೂ ಯೋಚಿಸಿರಲಿಲ್ಲ ಎಂಬುದು ಈಗ ಬರೆಯುವಾಗ ನಗು ತರಿಸುತ್ತದೆ. ನವೆಂಬರ್‌ನಲ್ಲಿ ಫ್ರಾಸ್ಟ್‌ಗ್ರೇವ್ ತೆಗೆದದ್ದೇ ಅದಕ್ಕೆ. ಆಸ್ಪ್ರೇ ಪ್ರಕಾಶನದ್ದು, ಜೋಸೆಫ್ ಮೆಕಲೊ ಬರೆದದ್ದು, 2015ರಲ್ಲಿ ಬಂತು, ಎರಡನೇ ಆವೃತ್ತಿ 2020. ಹಿಮದಿಂದ ಹೊರಬಂದ ಹಾಳೂರು, ಒಬ್ಬ ಮಂತ್ರವಾದಿ, ಅವನ ಶಿಷ್ಯ, ಎಂಟರವರೆಗೆ ಆಳುಗಳು. ಪುಸ್ತಕ ಒಂದೇ, ಗೊಂಬೆ ಯಾವುದಾದರೂ ಸರಿ. ವಾರ್‌ಕ್ರೈಗೆ ತಂದವೇ ಇಲ್ಲಿಗೂ ಬಂದವು. 400 ಚಿನ್ನದ ನಾಣ್ಯದಲ್ಲಿ ತಂಡ ಕಟ್ಟಬೇಕು, ಪುಂಡ ಮತ್ತು ಕಳ್ಳ ಪುಕ್ಕಟೆ.

ಕಾದಾಟಕ್ಕೆ ಇಬ್ಬರೂ 20 ಮುಖದ ದಾಳ ಉರುಳಿಸಿ ತಮ್ಮ ಬಲ ಕೂಡಿಸುತ್ತಾರೆ. ಗೆದ್ದವನ ಮೊತ್ತದಿಂದ ಸೋತವನ ಕವಚ ಕಳೆದರೆ ಉಳಿದದ್ದು ಗಾಯ. ಪುಂಡ 18 ಉರುಳಿಸಿ 2 ಕೂಡಿಸಿದ, 20. ನೈಟ್ 5 ಉರುಳಿಸಿ 4 ಕೂಡಿಸಿದ, 9. ನೈಟಿನ ಕವಚ 13, ಆದ್ದರಿಂದ ಗಾಯ 7, ಅವನ 12ರಲ್ಲಿ ಉಳಿದದ್ದು 5. ಪುಕ್ಕಟೆ ಬಂದವನು ದುಬಾರಿ ಯೋಧನಿಗೆ ಒಂದೇ ಏಟಿಗೆ ಹೀಗೆ ಮಾಡಬಲ್ಲ. ಆರು ಮುಖದ ದಾಳಗಳನ್ನು ಹಿಡಿಗಟ್ಟಲೆ ಉರುಳಿಸಿದರೆ ಅದೃಷ್ಟ ಸರಾಸರಿಗೆ ಬರುತ್ತದೆ, ಇಲ್ಲಿ ಒಂದೇ ದಾಳ, 1 ಬೀಳುವ ಸಂಭವವೂ 20 ಬೀಳುವ ಸಂಭವವೂ ಒಂದೇ. ಚದುರಂಗದ ಮನಸ್ಸಿನವರಿಗೆ ಮೈ ಉರಿಯುತ್ತದೆ, ನಮ್ಮಲ್ಲಿ ಒಬ್ಬರಿಗೆ ಈಗಲೂ ಉರಿಯುತ್ತಿದೆ. ಆದರೆ ಸುತ್ತು ಹಂತಗಳಲ್ಲಿ ಸಾಗುತ್ತದೆ, ಮೊದಲು ಎಲ್ಲರ ಮಂತ್ರವಾದಿಗಳು ಅವರ 3 ಇಂಚಿನೊಳಗಿನ ಮೂವರು ಆಳುಗಳೊಡನೆ, ಆಮೇಲೆ ಶಿಷ್ಯರು, ಆಮೇಲೆ ಉಳಿದವರು. ನಾಲ್ವರಿದ್ದರೂ ಐದು ನಿಮಿಷಕ್ಕೊಮ್ಮೆ ನಿಮ್ಮ ಕೈಗೆ ದಾಳ ಬರುತ್ತದೆ. ಆಟ ಮುಗಿದ ಮೇಲೆ ಬಿದ್ದ ಪ್ರತಿ ಆಳಿಗೂ ಒಂದು ದಾಳ: 1ರಿಂದ 4 ಬಂದರೆ ಸತ್ತ, 5ರಿಂದ 8 ಬಂದರೆ ಮುಂದಿನ ಆಟಕ್ಕೆ ಇಲ್ಲ. ಐದರಲ್ಲೊಬ್ಬ ಸಾಯುತ್ತಾನೆ. ಮುಂದಿನ ಭಾನುವಾರ ಬರಲು ಇದೇ ಕಾರಣವಾಯಿತು.

ಮಾಲಿಫಾಕ್ಸ್ ಡಿಸೆಂಬರ್‌ಗೆ ಉಳಿದಿತ್ತು. ದಾಳವಿಲ್ಲ, 54 ಎಲೆಯ ಕಟ್ಟು, ಅದರಲ್ಲಿ ಕೆಂಪು, ಕಪ್ಪು ಎರಡು ಜೋಕರ್. ಕೈಯಲ್ಲಿ ಆರು ಎಲೆ. ತಿರುವಿದ ಎಲೆ ಹಿಡಿಸದಿದ್ದರೆ ಕೈಯಿಂದ ಬದಲಿಸಬಹುದು. ಅಂದರೆ ಅದೃಷ್ಟವನ್ನು ಮೊದಲೇ ಲೆಕ್ಕ ಹಾಕಿ ಖರ್ಚು ಮಾಡುವ ಆಟ. ಮಾಮೂಲಿ ಇಸ್ಪೀಟಿನ ನಾಲ್ಕು ಬಣ್ಣಕ್ಕೆ ನಾಲ್ಕು ಚಿಹ್ನೆ ಹೊಂದಿಸಿಕೊಂಡು ಕಾಗದದ ಆಕೃತಿಯಲ್ಲೇ ಎರಡು ಸಲ ಆಡಿದೆವು. ರಮ್ಮಿ ಆಡಿ ಬೆಳೆದವರಿಗೆ ಇದು ಕೈಗೆ ಬೇಗ ಹತ್ತುತ್ತದೆ. ಪ್ರತಿ ಪಾತ್ರದ ಕಾರ್ಡಿನಲ್ಲಿ ಓದಬೇಕಾದದ್ದು ಮಾತ್ರ ಇನ್‌ಕಮ್ ಟ್ಯಾಕ್ಸ್ ಫಾರಮ್ಮಿನಷ್ಟಿದೆ.

ರೈಲಿನಲ್ಲಿ ಒಯ್ಯುವವರಿಗೆ ಇಷ್ಟು: ತಳಕ್ಕೆ 5 x 1 ಮಿ.ಮೀ. ನಿಯೋಡಿಮಿಯಮ್ ಮ್ಯಾಗ್ನೆಟ್ ಅಂಟಿಸಿ ಡಬ್ಬಿಯಲ್ಲಿ ನಿಲ್ಲಿಸುವುದು ಒಳ್ಳೆಯ ಉಪಾಯ, ಆದರೆ ಅಡುಗೆಮನೆಯ ಸ್ಟೀಲ್ ಡಬ್ಬಿ ಬಹುಪಾಲು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಪರೀಕ್ಷಿಸಿ ನೋಡಿ. ತಗಡಿನ ಬಿಸ್ಕತ್ ಡಬ್ಬಿ ಅಂಟುತ್ತದೆ. ಇಲ್ಲವೇ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಜಿಐ ಶೀಟಿನ ತುಂಡು ಹಾಕಿ. ಲೋಹದ ಮಿನಿಗೆ ಒಂದು ಮ್ಯಾಗ್ನೆಟ್ ಸಾಲದು, ಎರಡು ಬೇಕು.

ಜನವರಿಯ ಹೊತ್ತಿಗೆ ಮೇಜಿನ ಮೇಲೆ ಉಳಿದದ್ದು ಎರಡು: ನಾಲ್ವರೂ ಇದ್ದರೆ ಫ್ರಾಸ್ಟ್‌ಗ್ರೇವ್, ಯಾರಾದರೂ ಇಬ್ಬರೇ ಇದ್ದರೆ ವಾರ್‌ಕ್ರೈ. ಕಿಲ್ ಟೀಮ್‌ನ ಎರಡೂ ತಂಡ ಕಲ್ಯಾಣಕ್ಕೆ ಹೋದವು, ಅಲ್ಲಿ ಪ್ರತಿ ವಾರ ಇಬ್ಬರೇ ಕೂತು ಆಡುವವರಿದ್ದಾರೆ. ಇನ್ಫಿನಿಟಿಯ ಲೋಹದ ಸೆಟ್ಟಿನಲ್ಲಿ ಕೈ ಜೋಡಿಸಿದ ಮೂವರು, ಜೋಡಿಸದ ಉಳಿದವರು ಒಂದು ಜಿಪ್‌ಲಾಕ್ ಚೀಲದಲ್ಲಿದ್ದಾರೆ. 4 x 4 ಅಡಿಯ ಮೇಜಿರುವವರು ಕೇಳಿದರೆ ಸುಂಕ ಸೇರಿಸದ ಬೆಲೆಗೆ ಕೊಡುತ್ತೇವೆ.